ಎರಡು ನುಡಿಗಳ ನಡುವೆ: ದುಭಾಷಿ ವೃತ್ತಿಯ ಚರಿತ್ರೆ

ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಇಬ್ಬರು ಎದುರುಬದುರಾದಾಗ ನಡುವೆ ನಿಂತು ಇಬ್ಬರ ಮಾತನ್ನೂ ಇಬ್ಬರಿಗೂ ತಿಳಿಯಹೇಳುವವನಿಗೆ ದುಭಾಷಿ ಎಂದು ಹೆಸರು. ಎರಡು ಭಾಷೆಗಳನ್ನು ಆಡಬಲ್ಲವನು ಎಂಬ ಅರ್ಥದ ಸಂಸ್ಕೃತ ರೂಪವಾದ ದ್ವಿಭಾಷಿ ಆಡುಮಾತಿನಲ್ಲಿ ಸವೆದು ದುಭಾಷಿಯಾಯಿತು. ತಮಿಳರಲ್ಲಿ ಅದು ದುಬಾಸಿಯಾಗಿ, ಕೋರಮಂಡಲ ತೀರದ ಇಂಗ್ಲಿಷರ ಬಾಯಲ್ಲಿ ಡುಬಾಷ್ ಆಗಿ, ವ್ಯಾಪಾರದ ಕಾಗದಪತ್ರಗಳಲ್ಲೆಲ್ಲ ಹರಡಿಕೊಂಡಿತು. ಇದೇ ಕೆಲಸ ಮಾಡುವವನನ್ನು ಅರಬರು ತರ್ಜುಮಾನ್ ಎಂದರೆ, ಪೋರ್ಚುಗೀಸರು ಲಿಂಗ್ವಾ, ಅಂದರೆ ನಾಲಗೆ, ಎಂದು ಕರೆದರು. ಈ ಹೆಸರುಗಳ ನಡುವಿನ ಅಂತರ ಸಣ್ಣದಲ್ಲ: ದುಭಾಷಿ ಎಂಬ ಮಾತು ಎರಡು ಭಾಷೆ ಬಲ್ಲ ಒಬ್ಬ ಮನುಷ್ಯನನ್ನು ಹೆಸರಿಸುತ್ತದೆ, ಲಿಂಗ್ವಾ ಎಂಬ ಮಾತು ಆ ಮನುಷ್ಯನಿಂದ ತನಗೆ ಬೇಕಾದ ಒಂದು ಅಂಗವನ್ನಷ್ಟೇ ಎತ್ತಿಕೊಳ್ಳುತ್ತದೆ. ನಡುವೆ ನಿಂತವನನ್ನು ಹೊಣೆಯುಳ್ಳ ಮನುಷ್ಯನೆಂದು ಕಂಡಲ್ಲಿ ಮಾತು ಮುಟ್ಟಿತು, ಬಾಡಿಗೆಯ ನಾಲಗೆಯೆಂದು ಕಂಡಲ್ಲಿ ಮಾತು ಕೆಟ್ಟಿತು ಎಂಬುದನ್ನು ದಕ್ಷಿಣ ಭಾರತದಲ್ಲಿ ಈ ವೃತ್ತಿ ನಡೆದುಬಂದ ದಾರಿ ಮತ್ತೆ ಮತ್ತೆ ತೋರಿಸಿಕೊಡುತ್ತದೆ.

ರಾಜರ ಹೆಸರು ಶಾಸನಗಳಲ್ಲಿ ಉಳಿಯಿತು, ರಾಯಭಾರಿಗಳ ಹೆಸರು ಪ್ರವಾಸಕಥನಗಳಲ್ಲಿ ಉಳಿಯಿತು, ಒಪ್ಪಂದಗಳಿಗೆ ರುಜು ಹಾಕಿದವರ ಹೆಸರು ದಫ್ತರಗಳಲ್ಲಿ ಉಳಿಯಿತು; ಆ ಮಾತುಕತೆಗಳನ್ನೆಲ್ಲ ತಮ್ಮ ಬಾಯಿಂದ ದಾಟಿಸಿದವರು ಮಾತ್ರ ಬಹುಮಟ್ಟಿಗೆ ಹೆಸರಿಲ್ಲದೆ ಹೋದರು. ಆದಕಾರಣ ಈ ವೃತ್ತಿಯ ಚರಿತ್ರೆಯನ್ನು ಬರೆಯುವವರು ಬೇರೆ ಉದ್ದೇಶಕ್ಕಾಗಿ ಬರೆದ ಪತ್ರಗಳ, ದಿನಚರಿಗಳ ಮತ್ತು ಸರ್ಕಾರಿ ವರದಿಗಳ ಸಂದುಗಳಲ್ಲಿ ಅವರನ್ನು ಹುಡುಕಿ ತೆಗೆಯಬೇಕಾಗುತ್ತದೆ.

ಕರ್ನಾಟಕದ ಕರಾವಳಿಗೆ ಸಂಬಂಧಿಸಿದ ಅಂಥ ಪತ್ರಗಳಲ್ಲಿ ಬಹಳ ಹಳೆಯವು ದೊರೆತದ್ದು ಈಜಿಪ್ಟಿನಲ್ಲಿ. ಕೈರೋ ನಗರದ ಹಳೆಯ ಭಾಗವಾದ ಫುಸ್ತಾತಿನ ಯೆಹೂದಿ ಪ್ರಾರ್ಥನಾಮಂದಿರವೊಂದರಲ್ಲಿ ಗೆನಿಜಾ ಎಂಬ ಕೋಣೆಯಿತ್ತು. ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ನಾಶಮಾಡಬಾರದೆಂಬ ನಂಬಿಕೆಯಿಂದ ಬೇಡವಾದ ಬರಹಗಳನ್ನೆಲ್ಲ ಅಲ್ಲಿ ಹಾಕಿಡುತ್ತಿದ್ದರು. ಅಲ್ಲಿ ಉಳಿದುಬಂದ ಪತ್ರಗಳಲ್ಲಿ ಟ್ಯುನೀಷಿಯಾ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿಗೆ ಸೇರಿದವೂ ಇವೆ. ಇವನು ಸುಮಾರು 1132ರಿಂದ 1149ರವರೆಗೆ ಮಂಗಳೂರಿನ ಸುತ್ತಮುತ್ತ ನೆಲೆಸಿ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತ, ಏಡನ್ ಬಂದರಿನ ವರ್ತಕರೊಡನೆ ಸಾಂಬಾರ ಪದಾರ್ಥಗಳ ವ್ಯಾಪಾರ ಮಾಡುತ್ತಿದ್ದನು. ಪತ್ರಗಳ ಭಾಷೆ ಅರಬ್ಬೀ, ಲಿಪಿ ಹೀಬ್ರೂ. ಮಾಲು ಕೊಳ್ಳುವ, ಕಂಚಿನವರಿಂದ ಕೆಲಸ ಮಾಡಿಸುವ ವ್ಯವಹಾರವೆಲ್ಲ ತುಳುನಾಡಿನ ಜನರೊಡನೆ. ಹೀಗಿರುವಾಗ ಎರಡು ಲೋಕಗಳ ನಡುವೆ ಓಡಾಡುವ ನಂಬುಗೆಯ ಜನರಿಲ್ಲದೆ ಈ ವ್ಯಾಪಾರ ಒಂದು ದಿನವೂ ನಡೆಯುವಂತಿರಲಿಲ್ಲ.

ಬೆನ್ ಯಿಜುವಿನ ಸೇವೆಯಲ್ಲಿದ್ದ ಸ್ಥಳೀಯನೊಬ್ಬ ಅಂಥ ಕೆಲಸವನ್ನು ಮಾಡಿದನು. ಅವನನ್ನು ಪತ್ರಗಳು ಎಲ್ಲಿಯೂ ದುಭಾಷಿ ಎಂದು ಕರೆಯುವುದಿಲ್ಲ. ಆದರೆ ಒಡೆಯನ ಪ್ರತಿನಿಧಿಯಾಗಿ ಸರಕಿನೊಡನೆ ಏಡನ್‌ಗೆ ಹೋಗಿ ಅಲ್ಲಿನ ವರ್ತಕರೊಡನೆ ವ್ಯವಹರಿಸಿದವನು ಎರಡು ಕಡೆಯ ಮಾತನ್ನೂ ಬಲ್ಲವನಾಗಿದ್ದಿರಲೇಬೇಕು. ಏಡನ್ನಿನ ವರ್ತಕರು ಬೆನ್ ಯಿಜುವಿಗೆ ಬರೆಯುವಾಗ ಈ ಸೇವಕನಿಗೂ ಗೌರವಸೂಚಕವಾದ ಶೇಖ್ ಎಂಬ ಮಾತನ್ನು ಸೇರಿಸಿ ವಂದನೆ ತಿಳಿಸುತ್ತಿದ್ದರೆಂಬುದು ಗಮನಿಸತಕ್ಕ ಸಂಗತಿ. ಇಡೀ ವ್ಯವಹಾರ ನಿಂತಿದ್ದುದು ಹೆಸರಿನ ಮೇಲೆ: ಮುಂಗಡ ಪಡೆದ ಸ್ಥಳೀಯ ವ್ಯಾಪಾರಿಯೊಬ್ಬ ಮಾಲು ಒಪ್ಪಿಸದೆ ಹೋದಾಗ ಏಡನ್ನಿನ ಪಾಲುದಾರರು ಸೂಚಿಸಿದ ಶಿಕ್ಷೆಯೆಂದರೆ ಅವನ ನಡತೆಯನ್ನು ಊರೂರಲ್ಲಿ ಸಾರುವುದು. ಇಬ್ಬರಿಗೂ ಸಲ್ಲುವ ನ್ಯಾಯಾಲಯವಿಲ್ಲದ ಕಡೆ ಮಾತು ಉಳಿಸಿಕೊಳ್ಳುವುದೇ ಕಾನೂನಾಗಿತ್ತು. ಆ ಸೇವಕನ ಹೆಸರು ಪತ್ರಗಳಲ್ಲಿ ಸ್ವರಚಿಹ್ನೆಗಳಿಲ್ಲದೆ ಬ, ಮ, ಹ ಎಂಬ ಮೂರು ಅಕ್ಷರಗಳಾಗಿ ಉಳಿದಿದೆ. ಅದನ್ನು ಓದಿದ ಬಗೆ ಈ ಪ್ರಬಂಧದ ಕೊನೆಗೆ ಬರುತ್ತದೆ.

ಅರಮನೆಗಳಲ್ಲಿ ದುಭಾಷಿಯ ಹೊಣೆ ಇನ್ನೂ ಸೂಕ್ಷ್ಮವಾಗಿತ್ತು, ಏಕೆಂದರೆ ಅಲ್ಲಿ ಭಾಷೆಯ ಜೊತೆಗೆ ಆಚಾರವನ್ನೂ ದಾಟಿಸಬೇಕಾಗಿತ್ತು. ಹೆರಾತಿನ ಸುಲ್ತಾನ ಶಾಹರುಖನ ರಾಯಭಾರಿಯಾದ ಅಬ್ದುರ್ ರಜಾಕ್ 1443ರಲ್ಲಿ ಕೋಳಿಕ್ಕೋಡಿನಿಂದ ಮಂಗಳೂರಿಗೆ ಬಂದು, ಘಟ್ಟ ಹತ್ತಿ, ಇಮ್ಮಡಿ ದೇವರಾಯನ ವಿಜಯನಗರವನ್ನು ಸೇರಿದನು. ಅವನ ಬಿಡಾರಕ್ಕೆ ದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಮತ್ತು ಎರಡು ವರಹ ಬರುತ್ತಿದ್ದುದನ್ನೂ, ಅರಸನ ಭೇಟಿಯಾದಾಗಲೆಲ್ಲ ವೀಳ್ಯ, ಕರ್ಪೂರ ಮತ್ತು ಹಣದ ಚೀಲ ದೊರೆಯುತ್ತಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ಅತಿಥಿಯೊಡನೆ ಕುಳಿತು ಉಣ್ಣುವುದು ಪಾರಸಿಕ ಆಸ್ಥಾನಗಳಲ್ಲಿ ಮರ್ಯಾದೆಯ ಗುರುತಾಗಿದ್ದರೆ, ವಿಜಯನಗರದ ಅರಸನಿಗೆ ಅನ್ಯಮತೀಯನೊಡನೆ ಸಹಪಂಕ್ತಿ ಆಚಾರಕ್ಕೆ ಒಪ್ಪುವಂಥದಲ್ಲ. ಈ ತೊಡಕನ್ನು ಮುಚ್ಚಿಡದೆ ಅರಸನು ದುಭಾಷಿಯ ಮೂಲಕ ನೇರವಾಗಿ ತಿಳಿಸಿದನು: ನಿಮ್ಮ ದೊರೆಗಳು ರಾಯಭಾರಿಯನ್ನು ಊಟಕ್ಕೆ ಕರೆಯುತ್ತಾರೆ, ನಾವೂ ನೀವೂ ಜೊತೆಯಲ್ಲಿ ಉಣ್ಣುವಂತಿಲ್ಲವಾದ್ದರಿಂದ ಹೊನ್ನಿನ ಈ ಚೀಲವನ್ನೇ ರಾಯಭಾರಿಗೆ ನಾವು ಮಾಡುವ ಔತಣವೆಂದು ತಿಳಿಯಬೇಕು ಎಂಬುದು ಆ ಮಾತಿನ ತಾತ್ಪರ್ಯ.

ಈ ಮಾತಿನಲ್ಲಿ ಮೂರು ಸಂಗತಿಗಳು ಅಡಗಿವೆ. ಎದುರಿನವರಲ್ಲಿ ಮರ್ಯಾದೆಯೆಂದರೆ ಏನೆಂಬುದನ್ನು ಅರಸನು ತಿಳಿದುಕೊಂಡಿದ್ದನು. ತನ್ನಲ್ಲಿ ಅದು ಆಗದೆಂಬುದನ್ನು ನೆಪ ಹೇಳದೆ ಒಪ್ಪಿಕೊಂಡನು. ಹಾಗೆ ಆಗದ್ದಕ್ಕೆ ಬದಲಾಗಿ ತನ್ನ ಪದ್ಧತಿಯೊಳಗೇ ಅಷ್ಟೇ ತೂಕದ ಇನ್ನೊಂದು ಗೌರವವನ್ನು ಹುಡುಕಿ ಅದರ ಅರ್ಥವನ್ನೂ ಬಿಡಿಸಿ ಹೇಳಿದನು. ದುಭಾಷಿಯು ಆ ವಿವರಣೆಯನ್ನು ಮೊಟಕುಗೊಳಿಸಿದ್ದರೆ ಹೊನ್ನಿನ ಚೀಲ ಬರೀ ಲಂಚದಂತೆಯೋ ಭಿಕ್ಷೆಯಂತೆಯೋ ಕಾಣಬಹುದಾಗಿತ್ತು. ಅದೇ ಆಸ್ಥಾನದಲ್ಲಿ, ಈ ಮನುಷ್ಯ ಶಾಹರುಖನ ರಾಯಭಾರಿಯೇ ಅಲ್ಲವೆಂದು ಹೊರ್ಮುಜ್ ದ್ವೀಪದ ವರ್ತಕರು ಹಬ್ಬಿಸಿದ ಸುದ್ದಿಯಿಂದ ರಜಾಕನಿಗೆ ಸಲ್ಲುತ್ತಿದ್ದ ಆದರ ತಗ್ಗಿದ್ದೂ ಉಂಟು. ದೂರದೇಶದ ಮಾತನ್ನು ಒರೆಗೆ ಹಚ್ಚಲು ಬೇರೆ ದಾರಿಯಿಲ್ಲದ ಕಡೆ ನಡುವಿನವರ ಒಂದು ಸುಳ್ಳು ಎಷ್ಟು ಹಾನಿ ಮಾಡಬಲ್ಲದೆಂಬುದಕ್ಕೆ ಇದೂ ಸಾಕ್ಷಿಯೇ ಆಗಿದೆ.

ವಿಜಯನಗರದಲ್ಲಿ ಕಂಡ ಈ ಎಚ್ಚರ 55 ವರ್ಷಗಳ ಅನಂತರ ಕೋಳಿಕ್ಕೋಡಿಗೆ ಬಂದ ವಾಸ್ಕೋ ಡ ಗಾಮನ ತಂಡದಲ್ಲಿ ಇರಲಿಲ್ಲ. 1498ರ ಮೇ ತಿಂಗಳಲ್ಲಿ ಅವನು ಮೊದಲು ದಡಕ್ಕೆ ಕಳುಹಿಸಿದ್ದು ಶಿಕ್ಷೆಗೆ ಗುರಿಯಾಗಿ ಗಡೀಪಾರಾಗಿದ್ದ ಒಬ್ಬನನ್ನು. ಆತನನ್ನು ಊರಿನವರು ಸ್ಪೇನಿನ ಮತ್ತು ಜಿನೋವಾದ ಭಾಷೆಗಳನ್ನು ಬಲ್ಲ ಟ್ಯೂನಿಸಿನ ಇಬ್ಬರು ಮುಸ್ಲಿಮರ ಬಳಿಗೆ ಕರೆದೊಯ್ದರು. ಸಾಮೂತಿರಿ ಎಂಬ ಬಿರುದಿನ ಅಲ್ಲಿನ ಅರಸನೊಡನೆ ನಡೆದ ಮಾತುಕತೆ ಮಲಯಾಳದಿಂದ ಅರಬ್ಬಿಗೆ, ಅರಬ್ಬಿಯಿಂದ ಪೋರ್ಚುಗೀಸಿಗೆ ದಾಟಿ ಬರಬೇಕಾಗಿತ್ತು. ಅರಬ್ಬೀ ಬಲ್ಲ ಫರ್ನಾವ್ ಮಾರ್ಟಿನ್ಸ್ ಪೋರ್ಚುಗೀಸರ ಕಡೆಯ ನಾಲಗೆಯಾಗಿದ್ದನು. ಆದರೆ ತಂಡ ತಾನು ಕಾಣಬಯಸಿದ್ದನ್ನೇ ಕಂಡಿತು. ಮುಸ್ಲಿಮರಲ್ಲದವರೆಲ್ಲ ಕ್ರೈಸ್ತರೇ ಇರಬೇಕೆಂಬ ಪೂರ್ವಕಲ್ಪನೆಯಿಂದ ದಾರಿಯಲ್ಲಿ ಸಿಕ್ಕಿದ ದೇವಾಲಯವನ್ನು ಇಗರ್ಜಿಯೆಂದು ತಿಳಿದು ಅವರು ಅಲ್ಲಿ ಪ್ರಾರ್ಥನೆ ಸಲ್ಲಿಸಿದರು, ಗೋಡೆಯ ಮೇಲಿನ ಹಲವು ಕೈಗಳ ಚಿತ್ರಗಳನ್ನು ತಮ್ಮ ಸಂತರ ಚಿತ್ರಗಳೆಂದು ಭಾವಿಸಿದರು. ಮೆಕ್ಕದಿಂದ ಬರುವ ಬಡ ವರ್ತಕನೂ ಇದಕ್ಕಿಂತ ಹೆಚ್ಚು ತರುತ್ತಾನೆಂದು ಅರಸನ ಅಧಿಕಾರಿಗಳು ನಗುವಷ್ಟು ಅಲ್ಪವಾದ ಉಡುಗೊರೆಗಳನ್ನು, ಅಂದರೆ ಪಟ್ಟೆಬಟ್ಟೆ, ಟೊಪ್ಪಿಗೆ, ಹವಳದ ಸರ, ಕೈತೊಳೆಯುವ ಬೋಗುಣಿ, ಎಣ್ಣೆ ಮತ್ತು ಜೇನುತುಪ್ಪವನ್ನು, ಹಿಂದೂಸಾಗರದ ಅತಿ ಸಿರಿವಂತ ಬಂದರುಗಳಲ್ಲೊಂದರ ಒಡೆಯನಿಗೆ ಅವರು ಸಿದ್ಧಪಡಿಸಿದ್ದರು. ಭಾಷಾಂತರ ಮಾಡುವವರು ಇದ್ದರು. ಎದುರಿನವರು ಯಾರೆಂದು ಕೇಳಿ ತಿಳಿಯುವ ಮನಸ್ಸು ಇರಲಿಲ್ಲ.

ಮರಳಿ ಹೊರಟ ಆ ಹಡಗುಗಳು ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿದ್ದಾಗ ನಡೆದದ್ದು ಇನ್ನೂ ಕಠೋರವಾದ ಘಟನೆ. ಗೋವೆಯ ಮುಸ್ಲಿಂ ಒಡೆಯನ ಸೇವೆಯಲ್ಲಿದ್ದ, ಯುರೋಪಿನ ಭಾಷೆ ಬಲ್ಲ ಯೆಹೂದಿಯೊಬ್ಬ ಅವರನ್ನು ಕಾಣಲು ಬಂದನು. ಗೂಢಚಾರನೆಂಬ ಶಂಕೆಯಿಂದ ಅವನನ್ನು ಹಿಡಿದು, ಹಿಂಸಿಸಿ, ಮಾಹಿತಿ ಹೊರಡಿಸಿ, ಲಿಸ್ಬನ್ನಿಗೆ ಒಯ್ದು, ಮತಾಂತರಿಸಿ, ಗ್ಯಾಸ್ಪರ್ ಡ ಗಾಮ ಎಂದು ಹೆಸರಿಟ್ಟರು. 1500ರಲ್ಲಿ ಪೋರ್ಚುಗೀಸ್ ನಾಯಕ ಕಬ್ರಾಲನ ನೌಕಾಪಡೆಯೊಡನೆ ಅವನು ಪೋರ್ಚುಗೀಸರ ಲಿಂಗ್ವಾ ಆಗಿ ಭಾರತಕ್ಕೆ ಮರಳಿದನು. ಹಲವು ಭಾಷೆಗಳನ್ನು ಕಲಿತು ದೇಶಗಳನ್ನು ದಾಟಿಬಂದ ಒಬ್ಬ ಮನುಷ್ಯನಿಂದ ಅವನ ಮತವನ್ನೂ ಹೆಸರನ್ನೂ ಸ್ವಾತಂತ್ರ್ಯವನ್ನೂ ಕಳಚಿ ನಾಲಗೆಯನ್ನಷ್ಟೇ ಉಳಿಸಿಕೊಂಡ ಈ ಘಟನೆಯಲ್ಲಿ ಲಿಂಗ್ವಾ ಎಂಬ ಹೆಸರಿನ ಕ್ರೌರ್ಯ ಪೂರ್ತಿಯಾಗಿ ಬಯಲಾಗುತ್ತದೆ.

18ನೆಯ ಶತಮಾನದಲ್ಲಿ ಮದರಾಸು ಮತ್ತು ಪುದುಚೇರಿಗಳ ದುಭಾಷಿಯು ಬರಿಯ ಮಾತುಗಾರನಾಗಿ ಉಳಿಯಲಿಲ್ಲ. ಯುರೋಪಿನ ವರ್ತಕನಿಗೆ ದಲ್ಲಾಳಿಯಾಗಿ, ಸಾಲ ಕೊಡುವವನಾಗಿ, ನೇಕಾರರ ಮುಖಂಡರೊಡನೆ ಕರಾರು ಮಾಡಿಸುವ ಜಾಮೀನುದಾರನಾಗಿ ಬೆಳೆದನು. ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ (1709–1761) 1736ರಿಂದ ಕೊನೆಗಾಲದವರೆಗೆ ತಮಿಳಿನಲ್ಲಿ ಬರೆದ ದಿನಚರಿಯು ನಡುವೆ ನಿಂತವನೇ ತನ್ನ ಕಣ್ಣಿಂದ ಕಂಡು ಬರೆದಿಟ್ಟ ಅಪರೂಪದ ದಾಖಲೆಯಾಗಿದೆ. ಇಂಥ ಸ್ಥಾನದಲ್ಲಿದ್ದವರಿಗೆ ಪ್ರಲೋಭನಗಳೂ ದೊಡ್ಡವೇ ಆಗಿದ್ದವು. ಮದರಾಸಿನ ಗವರ್ನರನ ಕುಟುಂಬಕ್ಕೆ ಹತ್ತಿರವಾಗಿದ್ದ ಅವಧಾನಂ ಪಾಪಯ್ಯ ಎಂಬ ದುಭಾಷಿಯು ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬನ ಮೇಲೆ ಒಳಸಂಚು ಹೂಡಿದನೆಂಬ ಆರೋಪದ ವಿಚಾರಣೆ 1792ರಲ್ಲಿ ನಡೆದು ಅವನಿಗೆ ಶಿಕ್ಷೆಯಾಯಿತು. ಇಂಥ ಪ್ರಕರಣಗಳಿಂದ ಡುಬಾಷ್ ಎಂಬ ಶಬ್ದವೇ ಇಂಗ್ಲಿಷರಲ್ಲಿ ವಂಚನೆಗೆ ಪರ್ಯಾಯವೆಂಬಂತಾಯಿತು. ತಪ್ಪು ಮಾಡಿದವರು ಇದ್ದರೆಂಬುದು ನಿಜ. ಆದರೆ ಆಳುವ ಜನರ ಭಾಷೆಯನ್ನು ಕಲಿಯದೆ ಸಂಪತ್ತಿನ ಬೆನ್ನು ಹತ್ತಿದ ಯಜಮಾನರೇ ಎರಡು ಭಾಷೆ ಬಲ್ಲವನ ಕೈಗೆ ಅಷ್ಟೊಂದು ಅಧಿಕಾರವನ್ನು ಕೊಟ್ಟಿದ್ದರೆಂಬುದೂ, ದುಭಾಷಿಯ ವಂಚನೆಯಲ್ಲಿ ಪಾಲುಂಡವರೇ ಅನೇಕ ಸಲ ಅವನ ಮೇಲೆ ದೂರು ಹೊರಿಸಿ ಪಾರಾದರೆಂಬುದೂ ಅಷ್ಟೇ ನಿಜ.

ಈ ವೃತ್ತಿಯ ಉಜ್ವಲವಾದ ಅಧ್ಯಾಯ ಮೈಸೂರು ಸೀಮೆಯಲ್ಲಿ ನಡೆಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊಸದಾಗಿ ಗಡಿ ಗುರುತಿಸಿದ ಮೈಸೂರು ರಾಜ್ಯದ ಮೋಜಣಿಯ ಹೊಣೆ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿಗೆ (1754–1821) ಬಂದಿತು. ನೆಲದ ಅಳತೆಯ ಜೊತೆಗೆ ಊರುಗಳ ಚರಿತ್ರೆ, ಶಾಸನ, ಆಚಾರ, ಕೃಷಿಗಳ ವಿವರಗಳನ್ನೂ ಅವನು ಕಲೆಹಾಕತೊಡಗಿದನು. ಭಾರತದ ಭಾಷೆಗಳ ಪಾಂಡಿತ್ಯ ತನಗಿಲ್ಲವೆಂಬುದನ್ನು ಅವನೇ ಒಪ್ಪಿಕೊಂಡಿದ್ದನು. ಈ ಕೆಲಸದ ಹೆಚ್ಚಿನ ಭಾರ ಬಿದ್ದದ್ದು ಏಲೂರಿನ ಕಾವಲಿ ಮನೆತನದ ಸೋದರರಾದ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮತ್ತು ರಾಮಸ್ವಾಮಿ, ಜೈನ ಪಂಡಿತ ಧರ್ಮಯ್ಯ, ಮರಾಠಿ ಬಲ್ಲ ನಾರಾಯಣರಾವ್ ಮೊದಲಾದವರ ಮೇಲೆ. ಕನಕಗಿರಿಯ ಜೈನ ವಿದ್ವಾಂಸ ದೇವಚಂದ್ರನು 1804ರಲ್ಲಿ ಮೆಕೆಂಜಿಯನ್ನು ಕಂಡು ಸ್ಥಳೀಯ ಚರಿತ್ರೆಯನ್ನು ತಿಳಿಸಿಕೊಟ್ಟದ್ದೂ, ಮುಂದೆ ಅವನೇ ರಾಜಾವಳೀ ಕಥೆ ಎಂಬ ಕನ್ನಡ ಗ್ರಂಥವನ್ನು ರಚಿಸಿದ್ದೂ ಈ ಸಂಪರ್ಕದ ಫಲಗಳಲ್ಲಿ ಸೇರಿವೆ.

ಊರಿನ ಹಿರಿಯರು, ಶಾನುಭೋಗರು ಮತ್ತು ದೇವಸ್ಥಾನದವರು ಹೇಳಿದ್ದನ್ನು ಅವರ ಭಾಷೆಯಲ್ಲೇ ಬರೆದುಕೊಂಡ ವೃತ್ತಾಂತಕ್ಕೆ ಕೈಫಿಯತ್ತು ಎಂದು ಹೆಸರು. ಸ್ಥಿತಿಗತಿಯ ವಿವರ ಎಂಬ ಅರ್ಥದ ಈ ಶಬ್ದ ಅರಬ್ಬಿಯಿಂದ ಪಾರಸಿಯ ಮೂಲಕ ಆಡಳಿತದ ಕನ್ನಡಕ್ಕೆ ಬಂದದ್ದು. ಕೈಫಿಯತ್ತು ಸುಲಭವಾಗಿ ದೊರೆಯುವ ವಸ್ತುವಾಗಿರಲಿಲ್ಲ. ಯುದ್ಧ ಮುಗಿದು ಒಡೆತನ ಬದಲಾಗಿದ್ದ ಆ ದಿನಗಳಲ್ಲಿ ಕಾಗದ ಹಿಡಿದು ಬಂದವನೆಂದರೆ ಕಂದಾಯ ಹೆಚ್ಚಿಸುವವನೆಂಬ ಭಯ ಜನರಲ್ಲಿತ್ತು. ತಾಮ್ರಶಾಸನವನ್ನು ತೋರಿಸಿದರೆ ಅದರ ಆಧಾರದ ಮೇಲೆ ಅನುಭವಿಸುತ್ತಿದ್ದ ಉಂಬಳಿಯೇ ಕೈತಪ್ಪೀತೆಂದು ಅನೇಕರು ಅಂಜುತ್ತಿದ್ದರು. ಬಂದ ಉದ್ದೇಶವನ್ನು ತಿಳಿಯಹೇಳಿ, ಶಂಕೆ ಕಳೆಯುವವರೆಗೆ ಕಾದು, ಹೇಳಿದವರ ಮಾತನ್ನು ತಮ್ಮ ಅಭಿಪ್ರಾಯದೊಡನೆ ಬೆರೆಸದೆ ಬರೆದುಕೊಂಡ ಸಹಾಯಕರ ತಾಳ್ಮೆಯಿಂದಲೇ ಆ ಬರಹಗಳು ಕೂಡಿಬಂದವು. ಹೀಗೆ ಕೂಡಿದ ಜ್ಞಾನ ಕಂಪನಿಯ ಆಳ್ವಿಕೆಗೂ ಉಪಯೋಗವಾಯಿತೆಂಬುದನ್ನು ಮರೆಯಬಾರದು. ಜನರ ಅಂಜಿಕೆ ನಿರಾಧಾರವಾದದ್ದಲ್ಲ, ಆದ್ದರಿಂದಲೇ ನಡುವಿನವರ ಹೊಣೆಯೂ ಹಗುರವಾದದ್ದಲ್ಲ.

ಬೋರಯ್ಯ 1803ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ತೀರಿಕೊಂಡನು. ಜೈನ ಗುರುವೊಬ್ಬರಿಂದ ಕೇಳಿ ಅವನು ಇಂಗ್ಲಿಷಿಗೆ ತಂದ ಜೈನರ ವೃತ್ತಾಂತವು ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯ 9ನೆಯ ಸಂಪುಟದಲ್ಲಿ ಅಚ್ಚಾದಾಗ ಅನುವಾದಕನಾಗಿ ಅವನ ಹೆಸರು ಶೀರ್ಷಿಕೆಯಲ್ಲೇ ಕಾಣಿಸಿಕೊಂಡಿತು. ಬ್ರಾಹ್ಮಣನೊಬ್ಬ ಜೈನ ಗುರುವಿನ ನಂಬಿಕೆಗಳನ್ನು ಸ್ಕಾಟ್ಲೆಂಡಿನ ಕ್ರೈಸ್ತನಿಗಾಗಿ ಭಾಷಾಂತರಿಸಿದ ಆ ಬರಹದಲ್ಲಿ ಮೂರು ಲೋಕಗಳು ಒಂದೆಡೆ ಸೇರಿದ್ದವು, ಮತ್ತು ಸೇರಿಸಿದವನ ಹೆಸರು ಮರೆಯಾಗಿರಲಿಲ್ಲ. ಭಾರತದ ವಿದ್ಯೆಯ ಬಾಗಿಲು ತನಗೆ ತೆರೆದದ್ದು ಬೋರಯ್ಯನಿಂದ ಎಂದು ಮೆಕೆಂಜಿ 1817ರ ಪತ್ರದಲ್ಲಿ ಬರೆದನು. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಪ್ರಸಿದ್ಧ ಭಾವಚಿತ್ರದಲ್ಲಿಯೂ ಭಾರತೀಯ ಸಹಾಯಕರು ಅವನ ಪಕ್ಕದಲ್ಲಿ ನಿಂತಿದ್ದಾರೆ. 1828ರಲ್ಲಿ ಎಚ್. ಎಚ್. ವಿಲ್ಸನ್ ಪ್ರಕಟಿಸಿದ ಸೂಚಿಯ ಪ್ರಕಾರ ಈ ಸಂಗ್ರಹದಲ್ಲಿ 1,568 ಸಾಹಿತ್ಯಿಕ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳ ಪ್ರತಿಗಳು ಮತ್ತು 6,218 ನಾಣ್ಯಗಳಿದ್ದವು.

ಆದರೆ ಮೆಕೆಂಜಿ ತೀರಿಕೊಂಡ ಮೇಲೆ ಈ ಕೆಲಸವನ್ನು ತಾನೇ ಮುಂದುವರಿಸುವೆನೆಂದು ಕಾವಲಿ ಲಕ್ಷ್ಮಯ್ಯನು ಮುಂದಿಟ್ಟ ಯೋಜನೆಯನ್ನು 1830ರ ದಶಕದಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿ ಒಪ್ಪಲಿಲ್ಲ. ಅಂಥ ಸಂಶೋಧನೆಯನ್ನು ನಡೆಸುವ ಅರ್ಹತೆ ಅವನಿಗಿದೆಯೆಂದು ಹೇಳಲಾಗದು ಎಂಬುದು ಜೇಮ್ಸ್ ಪ್ರಿನ್ಸೆಪ್ ಬರೆದ ವರದಿಯ ನಿಲುವಾಗಿತ್ತು. ಎರಡೂವರೆ ದಶಕ ಊರೂರು ಸುತ್ತಿ ಸಂಗ್ರಹವನ್ನು ಕೂಡಿಸಿದ, ಅದರೊಳಗಿನ ಪ್ರತಿಯೊಂದು ಎಳೆಯನ್ನೂ ಬಲ್ಲ ವಿದ್ವಾಂಸನನ್ನು ಯಜಮಾನನಿಲ್ಲದೆ ನಿಲ್ಲಲಾರದ ನಾಲಗೆಯೆಂದು ಎಣಿಸಿದ್ದರಿಂದ ನಷ್ಟವಾದದ್ದು ಲಕ್ಷ್ಮಯ್ಯನಿಗಿಂತ ಹೆಚ್ಚಾಗಿ ದಕ್ಷಿಣ ಭಾರತದ ಚರಿತ್ರೆಗೆ.

ಇಷ್ಟರಲ್ಲಿ ದುಭಾಷಿಯ ಮೇಲಿನ ಅವಲಂಬನೆಯನ್ನು ಕಡಿಮೆ ಮಾಡುವ ಇನ್ನೊಂದು ದಾರಿಯೂ ತೆರೆದುಕೊಂಡಿತ್ತು. 1812ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಆರಂಭವಾಗಿ ಕಂಪನಿಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸತೊಡಗಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ, ಜಾನ್ ಮೆಕೆರೆಲ್‌ನ ವ್ಯಾಕರಣ 1820ರಲ್ಲಿ, ವಿಲಿಯಂ ರೀವ್‌ನ ನಿಘಂಟುಗಳು 1824 ಮತ್ತು 1832ರಲ್ಲಿ ಹೊರಬಂದವು. 1853ರಲ್ಲಿ ಬಾಸೆಲ್ ಮಿಷನ್ನಿನ ಪ್ರಚಾರಕನಾಗಿ ಬಂದ ಫರ್ಡಿನೆಂಡ್ ಕಿಟೆಲ್ ಕನ್ನಡದ ಛಂದಸ್ಸನ್ನೂ ಹಳಗನ್ನಡ ವ್ಯಾಕರಣವನ್ನೂ ಕಲಿತು, ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಮುದ್ರಿಸಿದನು. ತನ್ನ ಮತವನ್ನು ಹೇಳಲು ಬಂದವನು ಎದುರಿನವರ ಗಾದೆಗಳನ್ನೂ ಕಾವ್ಯವನ್ನೂ ಕೇಳುವುದರಲ್ಲಿ ಆಯುಷ್ಯವನ್ನು ಕಳೆದನು. ಇಂದು ಆ ನಿಘಂಟನ್ನು ಕನ್ನಡಿಗರು ತಮ್ಮದೆಂದು ಬಳಸುತ್ತಿರುವುದಕ್ಕೆ ಅವನ ಪ್ರಚಾರಕಾರ್ಯ ಕಾರಣವಲ್ಲ, ಆ ಕೇಳುವಿಕೆ ಕಾರಣ. ಹಾಗೆ ನೋಡಿದರೆ ನಿಘಂಟೆಂಬುದು ಯಾವ ಪಕ್ಷಕ್ಕೂ ಸೇರದ, ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುವ ದುಭಾಷಿ. ಅದನ್ನು ಕಟ್ಟುವುದರಲ್ಲಿಯೂ ಕನ್ನಡದ ಪಂಡಿತರ ಶ್ರಮ ಬೆರೆತಿದೆ.

ಬಾಯಿಮಾತಿನ ದುಭಾಷಿಯ ನೈತಿಕ ಹೊಣೆ ಕೊನೆಗೆ ಕಾನೂನಿನ ರೂಪ ಪಡೆದದ್ದು ನ್ಯಾಯಾಲಯಗಳಲ್ಲಿ. ಸಾಕ್ಷಿಯಂತೆ ದುಭಾಷಿಯೂ ಪ್ರಮಾಣ ಮಾಡಬೇಕೆಂಬ ನಿಯಮ 1873ರ ಪ್ರಮಾಣವಚನ ಕಾಯಿದೆಯಲ್ಲಿತ್ತು, ಅದರ ಸ್ಥಾನದಲ್ಲಿ ಬಂದ 1969ರ ಕಾಯಿದೆಯಲ್ಲಿಯೂ ಉಳಿಯಿತು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದಾಗ ಅದನ್ನು ತೆರೆದ ನ್ಯಾಯಾಲಯದಲ್ಲೇ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೆಯ ಕಲಮು ವಿಧಿಸಿತು. ಮಾತನ್ನು ಕೂಡಿಸದೆ ಕಳೆಯದೆ ದಾಟಿಸುವುದು ಕುಶಲತೆಯ ವಿಷಯವಷ್ಟೇ ಅಲ್ಲದೆ ಸತ್ಯದ ವಿಷಯವೂ ಹೌದೆಂಬ ತಿಳಿವಳಿಕೆ ಈ ಪ್ರಮಾಣದಲ್ಲಿ ಅಡಕವಾಗಿದೆ. ಅರ್ಥವಾಗದ ಭಾಷೆಯಲ್ಲಿ ತೀರ್ಪು ಕೇಳುವ ಬಡವನಿಗೆ ದುಭಾಷಿಯ ಪ್ರಾಮಾಣಿಕತೆಯೇ ನ್ಯಾಯದ ಮೊದಲ ಮೆಟ್ಟಿಲು.

ಉತ್ತರ ಕನ್ನಡದ ಮತ್ತು ಕೊಂಕಣದ ಕೆಲವು ಕೊಂಕಣಿ ಮನೆತನಗಳಲ್ಲಿ ದುಭಾಷಿ ಎಂಬುದು ಇಂದಿಗೂ ಅಡ್ಡಹೆಸರಾಗಿ ಉಳಿದಿದೆ. ಗೆನಿಜಾ ಪತ್ರಗಳ ಆ ಮೂರು ಅಕ್ಷರಗಳಿಗೂ ಈಗ ಒಂದು ಹೆಸರು ದೊರೆತಿದೆ. ಪತ್ರಗಳನ್ನು ಅಭ್ಯಾಸ ಮಾಡಿದ ಎಸ್. ಡಿ. ಗೋಯಿಟೈನ್ ಅದನ್ನು ಬಾಮ ಎಂದು ಓದಿ ಬ್ರಹ್ಮ ಶಬ್ದಕ್ಕೆ ಸಂಬಂಧ ಕಲ್ಪಿಸಿದ್ದರು. ಲೇಖಕ ಅಮಿತಾವ್ ಘೋಷ್ ಅದೇ ಪತ್ರಗಳ ಜಾಡು ಹಿಡಿದು ಮಂಗಳೂರಿಗೆ ಬಂದಾಗ ಜಾನಪದ ವಿದ್ವಾಂಸ ಬಿ. ಎ. ವಿವೇಕ ರೈ ಅವರ ನೆರವಿನಿಂದ ತುಳುನಾಡಿನಲ್ಲಿ ಪ್ರಚಲಿತವಾಗಿದ್ದ ಬೊಮ್ಮ ಎಂಬ ಹೆಸರು ಅದರಲ್ಲಿ ಕಾಣಿಸಿತು, ಮತ್ತು ಆ ಓದು 1992ರ ಅವರ ಕೃತಿಯಲ್ಲಿ ಪ್ರಕಟವಾಯಿತು. ಹೀಬ್ರೂ ಲಿಪಿಯ ಅರಬ್ಬೀ ಪತ್ರವೊಂದು ತನ್ನೊಳಗೆ ಎಂಟುನೂರು ವರ್ಷ ಕಾಪಾಡಿದ ಹೆಸರನ್ನು ತಿರುಗಿ ಉಚ್ಚರಿಸಲು ಅರಬ್ಬೀ ಬಲ್ಲವರೂ ತುಳು ಬಲ್ಲವರೂ ಜೊತೆಯಾಗಿ ಕುಳಿತುಕೊಳ್ಳಬೇಕಾಯಿತು. ಬೊಮ್ಮನು ತನ್ನ ಕಾಲದಲ್ಲಿ ಮಂಗಳೂರಿಗೂ ಏಡನ್ನಿಗೂ ಮಾಡಿಕೊಟ್ಟ ಸೇವೆಯನ್ನೇ ಅವರು ಬೊಮ್ಮನಿಗೆ ಹಿಂದಿರುಗಿಸಿದರು.